ಇಸಬ್‌ಗೋಲ್, ಗೋಧಿ ಬೂಸಾ, ಸಿಪ್ಪೆ ಕಾಳು, ರಾಗಿ: ಹೊಟ್ಟಿನ ನಾರಿನಲ್ಲಿ ನಿಮಗೆ ಹೊಂದುವುದು ಯಾವುದು?

"ಊಟದಲ್ಲಿ ನಾರಿನಂಶ ಜಾಸ್ತಿ ಮಾಡಿ" ಎಂದು ಡಾಕ್ಟರ್ ಹೇಳಿ ಕಳಿಸುತ್ತಾರೆ. ಅಲ್ಲಿಂದ ಹೊರಗೆ ಬಂದರೆ ಗೊಂದಲ ಶುರು. ಮೆಡಿಕಲ್ ಶಾಪಿನಲ್ಲಿ ಇಸಬ್‌ಗೋಲ್ ಇದೆ, ಸೂಪರ್ ಮಾರ್ಕೆಟ್ಟಿನಲ್ಲಿ ವೀಟ್ ಬ್ರ್ಯಾನ್, ಅಂದರೆ ಗೋಧಿ ಬೂಸಾದ ಪ್ಯಾಕೆಟ್ ಇದೆ, ಪಕ್ಕದಲ್ಲೇ ಅಗಸೆ ಬೀಜ, ಚಿಯಾ, ಓಟ್ಸ್. ಮನೆಯಲ್ಲಿ ನೋಡಿದರೆ ರಾಗಿ ಹಿಟ್ಟು, ಹುರುಳಿಕಾಳು ಡಬ್ಬಿಯಲ್ಲಿ ಕೂತಿವೆ. ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಜನ ಇದೇ ಪ್ರಶ್ನೆ ಕೇಳುತ್ತಿದ್ದಾರೆ: ಇದರಲ್ಲಿ ಯಾವುದನ್ನು ತಗೊಳ್ಳೋದು, ಎಲ್ಲಾ ಒಂದೇ ಅಲ್ವಾ?

ಒಂದೇ ಅಲ್ಲ. ಇವೆಲ್ಲ ಬೀಜದ ಸಿಪ್ಪೆ, ಹೊಟ್ಟು, ತೌಡಿನಿಂದ ಬರುವ ನಾರೇ ಆದರೂ ಹೊಟ್ಟೆಯೊಳಗೆ ಹೋದ ಮೇಲೆ ಒಂದೊಂದು ಒಂದೊಂದು ಕೆಲಸ ಮಾಡುತ್ತದೆ. ಕೊಲೆಸ್ಟ್ರಾಲ್ ಇಳಿಸಬೇಕು ಅಂತ ಗೋಧಿ ಬೂಸಾ ತಿಂದರೆ ಹೆಚ್ಚೇನೂ ಆಗುವುದಿಲ್ಲ. ಗ್ಯಾಸ್ ತೊಂದರೆ ಇರುವವರು ಒಂದೇ ಸಲಕ್ಕೆ ಬಟ್ಟಲು ತುಂಬ ಕಡಲೆಕಾಳು ತಿಂದರೆ ರಾತ್ರಿಯೆಲ್ಲ ಒದ್ದಾಟ. ಹಾಗಾಗಿ ಯಾವುದು ಒಳ್ಳೆಯದು ಅನ್ನೋದಕ್ಕಿಂತ ನನ್ನ ಮೈಗೆ ಈಗ ಏನು ಬೇಕು ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಏನನ್ನು ನೋಡಿ ಆರಿಸಬೇಕು

ನಮ್ಮ ಸಣ್ಣ ಕರುಳಿಗೆ ಅರಗಿಸಿಕೊಳ್ಳಲು ಆಗದ, ಧಾನ್ಯ, ಕಾಳು, ಸೊಪ್ಪು, ತರಕಾರಿಗಳ ಭಾಗವೇ ನಾರು. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು, ಅದೂ ಆಹಾರದಲ್ಲೇ ಸಹಜವಾಗಿ ಇರುವ ನಾರು ಆಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹತ್ತು ವರ್ಷ ದಾಟಿದ ಮಕ್ಕಳಿಗೂ ಅಷ್ಟೇ. ಈ 25ರ ಲೆಕ್ಕ ಸುಮ್ನೆ ಬಂದದ್ದಲ್ಲ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವರದಿ ಬಂತು. ನಾರು ಜಾಸ್ತಿ ತಿನ್ನುವವರಲ್ಲಿ, ಕಡಿಮೆ ತಿನ್ನುವವರಿಗಿಂತ, ಹೃದಯದ ಕಾಯಿಲೆ, ಪಾರ್ಶ್ವವಾಯು, ಟೈಪ್ 2 ಶುಗರ್, ದೊಡ್ಡ ಕರುಳಿನ ಕ್ಯಾನ್ಸರ್ ಇವೆಲ್ಲ ಶೇಕಡಾ 15ರಿಂದ 30ರಷ್ಟು ಕಡಿಮೆ ಕಂಡಿದ್ದವು. ಹೆಚ್ಚಿನ ಲಾಭ ಕಂಡದ್ದು ದಿನಕ್ಕೆ 25ರಿಂದ 29 ಗ್ರಾಂ ತಿನ್ನುವವರಲ್ಲಿ.

ಈಗ ಅಳತೆಗೋಲು. ಮೊದಲನೆಯದು, ಆ ನಾರು ನೀರಿನಲ್ಲಿ ಲೋಳೆ ಆಗುತ್ತದಾ ಇಲ್ವಾ ಅನ್ನೋದು. ಲೋಳೆಯಾಗುವ ನಾರು ಕರುಳಿನಲ್ಲಿ ಗಟ್ಟಿ ಗಂಜಿಯ ಹಾಗೆ ಹರಡಿಕೊಂಡು ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗಿಸುತ್ತದೆ. ಪಿತ್ತರಸವನ್ನೂ ಹಿಡಿದು ಹೊರಗೆ ಕಳಿಸುತ್ತದೆ. ಹೊಸ ಪಿತ್ತ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ, ಹಾಗೆ ಕೊಲೆಸ್ಟ್ರಾಲ್ ಇಳಿಯುತ್ತದೆ. ಲೋಳೆಯಾಗದ ಒರಟು ನಾರು ಇದನ್ನು ಮಾಡುವುದಿಲ್ಲ, ಅದು ಮಲದ ಗಾತ್ರ ಹೆಚ್ಚಿಸಿ ಮುಂದಕ್ಕೆ ತಳ್ಳುತ್ತದೆ. ಎರಡನೆಯದು ಗ್ಯಾಸ್. ಕರುಳಿನ ಬ್ಯಾಕ್ಟೀರಿಯಾ ಕೆಲವು ನಾರನ್ನು ಹುಳಿಬರಿಸಿ ತಿನ್ನುತ್ತವೆ, ಅದರಿಂದ ಕರುಳಿಗೆ ಒಳ್ಳೆಯದೂ ಆಗುತ್ತದೆ, ಗ್ಯಾಸೂ ಬರುತ್ತದೆ. ಮೂರನೆಯದು, ನಾರಿನ ಜೊತೆ ಇನ್ನೇನು ಸಿಗುತ್ತದೆ, ಏನನ್ನು ಅದು ಕಿತ್ತುಕೊಳ್ಳುತ್ತದೆ. ಆಮೇಲೆ ದುಡ್ಡು, ಮತ್ತು ದಿನಾ ಬೇಸರವಿಲ್ಲದೆ ತಿನ್ನಲು ಆಗುತ್ತದಾ ಅನ್ನೋದು. ಈ ಕೊನೆಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ನನ್ನ ಪ್ರಕಾರ ಅದೇ ದೊಡ್ಡದು. ಹದಿನೈದು ದಿನ ತಿಂದು ಬಿಡುವ ಡಬ್ಬಿಯಿಂದ ಉಪಯೋಗ ಇಲ್ಲ.

ಇಸಬ್‌ಗೋಲ್

ಇದು ಪ್ಲಾಂಟಾಗೋ ಓವಾಟಾ ಎಂಬ ಸಣ್ಣ ಗಿಡದ ಬೀಜದ ಮೇಲಿನ ತೆಳು ಸಿಪ್ಪೆ. ನಮ್ಮ ಕಡೆ ಬೆಳೆಯುವುದಲ್ಲ, ಮುಖ್ಯವಾಗಿ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶದಲ್ಲಿ ಬೆಳೆಯುತ್ತಾರೆ. ಜಗತ್ತಿನಲ್ಲೇ ಹೆಚ್ಚು ಬೆಳೆಯುವ ದೇಶ ನಮ್ಮದು. ಕೈಯಲ್ಲಿ ತೆಗೆದು ನೋಡಿದರೆ ತಿಳಿ ಗುಲಾಬಿ ಬಿಳುಪಿನ ಸಣ್ಣ ಸಣ್ಣ ಹೊಪ್ಪಳಿಕೆ, ತೂಕವೇ ಇಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ ಕದಡಿ. ಮೊದಲು ಮೇಲೆ ತೇಲುತ್ತದೆ, ಒಂದೆರಡು ನಿಮಿಷದಲ್ಲಿ ಇಡೀ ಲೋಟ ಮಂದವಾಗಿ ಚಮಚ ಎಳೆದರೆ ಹಿಂದಿನಿಂದ ಲೋಳೆ ಬರುತ್ತದೆ. ಈ ಲೋಳೆಯೇ ಅದರ ಗುಣ.

ಕೊಲೆಸ್ಟ್ರಾಲ್ ವಿಷಯದಲ್ಲಿ ಇದಕ್ಕೆ ಗಟ್ಟಿ ಆಧಾರ ಇದೆ. ದಿನಕ್ಕೆ 7 ಗ್ರಾಂ ಕರಗುವ (ನೀರಿನಲ್ಲಿ ಲೋಳೆಯಾಗುವ) ನಾರು, ಅಂದರೆ ಸುಮಾರು 10 ಗ್ರಾಂ ಇಸಬ್‌ಗೋಲ್, ಹೃದಯದ ಕಾಯಿಲೆಯ ಅಪಾಯ ತಗ್ಗಿಸಬಹುದು ಎಂದು ಪ್ಯಾಕೆಟ್ ಮೇಲೆ ಬರೆಯಲು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1998ರಲ್ಲೇ ಒಪ್ಪಿತು. ಆ ಹೇಳಿಕೆಗೆ ಒಂದು ಷರತ್ತೂ ಇದೆ, ಊಟದಲ್ಲಿ ಕೆಟ್ಟ ಕೊಬ್ಬು ಕಡಿಮೆ ಇರಬೇಕು. ದಿನಾ ಬೋಂಡ ತಿಂದು ರಾತ್ರಿ ಇಸಬ್‌ಗೋಲ್ ಕುಡಿದರೆ ಅದು ಮಾತು ಉಳಿಸಿಕೊಳ್ಳುವುದಿಲ್ಲ. ಶುಗರ್ ಇರುವವರು ಊಟಕ್ಕೆ ಸ್ವಲ್ಪ ಮೊದಲು ತೆಗೆದುಕೊಂಡರೆ ಊಟದ ನಂತರದ ಏರಿಕೆ ಸ್ವಲ್ಪ ತಗ್ಗುತ್ತದೆ.

ಮಲಬದ್ಧತೆಗೂ ಭೇದಿಗೂ ಇದನ್ನೇ ಕೊಡುತ್ತಾರಲ್ಲ, ಹೇಗೆ ಅಂತ ಬಹಳ ಜನಕ್ಕೆ ಅನುಮಾನ. ಲೋಳೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಗಟ್ಟಿ ಇದ್ದದ್ದು ಮೆತ್ತಗಾಗುತ್ತದೆ, ನೀರಾಗಿದ್ದದ್ದು ಸ್ವಲ್ಪ ಕೂಡಿಕೊಳ್ಳುತ್ತದೆ. ಹೊಟ್ಟೆ ಕೆಟ್ಟಾಗ ಮೊಸರಿನಲ್ಲಿ ಕಲಸಿ ಕೊಡುವುದು, ಹೊಟ್ಟೆ ಕಟ್ಟಿದಾಗ ಬೆಚ್ಚಗಿನ ನೀರಿನಲ್ಲಿ ಕೊಡುವುದು ನಮ್ಮಲ್ಲಿ ರೂಢಿ. ಮೂಲವ್ಯಾಧಿ ಇರುವವರಿಗೆ ಇದು ಒಳ್ಳೆಯದು, ಮುಕ್ಕಿರಿಯುವುದು ಕಡಿಮೆಯಾಗುತ್ತದೆ. ಬ್ಯಾಕ್ಟೀರಿಯಾ ಇದನ್ನು ಅಷ್ಟಾಗಿ ತಿನ್ನುವುದಿಲ್ಲ, ಹಾಗಾಗಿ ಗ್ಯಾಸ್ ಕಡಿಮೆ.

ಕೊರತೆಯೂ ಇದೆ. ಇದರಲ್ಲಿ ನಾರು ಬಿಟ್ಟರೆ ಹೆಚ್ಚೇನೂ ಇಲ್ಲ. ಪ್ರೋಟೀನ್ ಇಲ್ಲ, ಹೇಳಿಕೊಳ್ಳುವಷ್ಟು ಖನಿಜ ಇಲ್ಲ, ರುಚಿಯೂ ಇಲ್ಲ. ಒಂದು 100 ಗ್ರಾಂ ಪ್ಯಾಕಿಗೆ ಕೊಡುವ ದುಡ್ಡಿನಲ್ಲಿ ಹೆಚ್ಚು ಕಡಿಮೆ ಒಂದು ಕೆಜಿ ಹೆಸರುಕಾಳು ಬರುತ್ತದೆ. ಇನ್ನು ಎಚ್ಚರಿಕೆ, ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ: ಒಣದಾಗಿ ಬಾಯಿಗೆ ಹಾಕಿಕೊಳ್ಳಬಾರದು, ಗಂಟಲಲ್ಲೇ ಊದಿಕೊಂಡು ಉಸಿರುಕಟ್ಟಬಹುದು. ಒಂದು ದೊಡ್ಡ ಲೋಟ ನೀರಿನಲ್ಲಿ ಕದಡಿ, ಮಂದವಾಗುವ ಮೊದಲೇ ಕುಡಿದು, ಮೇಲೆ ಇನ್ನೊಂದಿಷ್ಟು ನೀರು ಕುಡಿಯಿರಿ. ನುಂಗಲು ಕಷ್ಟ ಇರುವ ವಯಸ್ಸಾದವರಿಗೆ, ಕರುಳು ಕಿರಿದಾಗಿದೆ ಅಂತ ಡಾಕ್ಟರ್ ಹೇಳಿದವರಿಗೆ ಇದು ಬೇಡ. ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ. ಥೈರಾಯ್ಡ್ ಮಾತ್ರೆಗೆ ಇನ್ನೂ ಜಾಸ್ತಿ ಅಂತರ ಬೇಕು, ನಾಲ್ಕು ಗಂಟೆ ಇಟ್ಟುಕೊಂಡರೆ ಚಿಂತೆ ಇಲ್ಲ. ಕಿತ್ತಳೆ ರುಚಿಯ ಪುಡಿ ಕೊಳ್ಳುವವರು ಹಿಂದೆ ತಿರುಗಿಸಿ ಸಕ್ಕರೆ ಎಷ್ಟಿದೆ ನೋಡಿ.

ಗೋಧಿ ಬೂಸಾ

ನಮ್ಮ ಕಡೆ ಬೂಸಾ ಅಂದರೆ ಹಸುವಿನ ಮೇವು ಅಂತಲೇ ಎಲ್ಲರಿಗೂ ಗೊತ್ತು. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಮೂಟೆ ಇದ್ದೇ ಇರುತ್ತದೆ. ಅದರಿಂದಲೇ ಒಂದು ಹಿಡಿ ತೆಗೆದು ರೊಟ್ಟಿಗೆ ಬೆರೆಸಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಮೇವಿನ ಬೂಸಾವನ್ನು ಮನುಷ್ಯರು ತಿನ್ನುವ ಹಾಗೆ ಶುಚಿ ಮಾಡಿರುವುದಿಲ್ಲ, ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿದರೆ ಅದರ ವಿಷ ಕಣ್ಣಿಗೆ ಕಾಣುವುದೂ ಇಲ್ಲ. ತಿನ್ನಲು ಅಂತಲೇ ಪ್ಯಾಕ್ ಮಾಡಿದ್ದನ್ನೇ ಕೊಳ್ಳಿ. ಇಲ್ಲವೇ ಗೋಧಿಯನ್ನು ಮಿಲ್ಲಿನಲ್ಲಿ ಹಿಟ್ಟು ಮಾಡಿಸಿ, ಜರಡಿ ಹಿಡಿಯದೆ ಚಪಾತಿ ಮಾಡಿ, ಅದೇ ಸಾಕು.

ನೂರು ಗ್ರಾಂ ಗೋಧಿ ಬೂಸಾದಲ್ಲಿ 40 ಗ್ರಾಂಗೂ ಮೇಲ್ಪಟ್ಟು ನಾರು ಇದೆ, ಹೆಚ್ಚಿನದು ನೀರಿನಲ್ಲಿ ಕರಗದ ಒರಟು ನಾರು. ದಪ್ಪ ಬೂಸಾ ಕರುಳಿನ ಗೋಡೆಯನ್ನು ಸವರಿಕೊಂಡು ಹೋಗುವಾಗ ಕರುಳು ನೀರು, ಲೋಳೆ ಬಿಡುತ್ತದೆ, ಮಲ ಸಲೀಸಾಗಿ ಜಾರುತ್ತದೆ. ಅದನ್ನೇ ನುಣ್ಣಗೆ ಪುಡಿ ಮಾಡಿಬಿಟ್ಟರೆ ಈ ಗುಣ ಹೋಗುತ್ತದೆ, ಕೆಲವರಿಗೆ ಇನ್ನೂ ಗಟ್ಟಿಯಾಗುವುದೂ ಉಂಟು. ಹಾಗಾಗಿ ಕೊಳ್ಳುವಾಗ ದಪ್ಪ ಪದರ ಪದರವಾಗಿ ಇರುವುದನ್ನು ನೋಡಿ ತಗೊಳ್ಳಿ. ಬರೀ ಮಲಬದ್ಧತೆಗೆ, ಬೇರೆ ತೊಂದರೆ ಇಲ್ಲದವರಿಗೆ, ಇದು ಇಸಬ್‌ಗೋಲಿಗಿಂತ ಅಗ್ಗದ ದಾರಿ.

ಆದರೆ ಐಬಿಎಸ್ ಇರುವವರು, ಅಂದರೆ ಹೊಟ್ಟೆ ನುಲಿತ, ಒಂದು ದಿನ ಗಟ್ಟಿ ಒಂದು ದಿನ ನೀರು ಅನ್ನೋರು, ಇದರಿಂದ ದೂರ ಇರಿ. ನೆದರ್‌ಲೆಂಡ್ಸಿನಲ್ಲಿ 275 ಐಬಿಎಸ್ ರೋಗಿಗಳಲ್ಲಿ ಒಂದು ಗುಂಪಿಗೆ ಇಸಬ್‌ಗೋಲ್, ಒಂದಕ್ಕೆ ಬೂಸಾ, ಒಂದಕ್ಕೆ ಬರೀ ಅಕ್ಕಿ ಹಿಟ್ಟು ಕೊಟ್ಟು 12 ವಾರ ನೋಡಿದರು. 2009ರಲ್ಲಿ ಅದು ಪ್ರಕಟವಾಯಿತು. ಇಸಬ್‌ಗೋಲ್ ಗುಂಪಿಗೆ ಗುಣ ಕಂಡಿತು, ಬೂಸಾ ಗುಂಪಿನಲ್ಲಿ ತೊಂದರೆ ಜಾಸ್ತಿ ಆಯಿತು ಅಂತ ಬಹಳ ಜನ ಅರ್ಧಕ್ಕೇ ಬಿಟ್ಟರು.

ಇನ್ನೊಂದು ವಿಷಯ, ಇದು ಹೆಂಗಸರು ಗಮನಿಸಬೇಕಾದ್ದು. ಬೂಸಾದಲ್ಲಿರುವ ಫೈಟೇಟ್ ಕಬ್ಬಿಣ, ಸತು ಮೈಗೆ ಸೇರದ ಹಾಗೆ ಹಿಡಿದುಕೊಳ್ಳುತ್ತದೆ. ರಕ್ತಹೀನತೆ ಇರುವವರು ಪ್ರತಿ ಊಟಕ್ಕೂ ಬೂಸಾ ಬೆರೆಸಬೇಡಿ. ನಮ್ಮದು ಕಾಫಿ ಸೀಮೆ ಬೇರೆ, ಊಟ ಆದ ಕೂಡಲೇ ಒಂದು ಲೋಟ ಕಾಫಿ ಬೇಕೇ ಬೇಕು. ಕಾಫಿಯೂ ಕಬ್ಬಿಣ ಸೇರುವುದನ್ನು ತಡೆಯುತ್ತದೆ. ಎರಡೂ ಸೇರಿದರೆ ಕಷ್ಟ. ಕಾಫಿಯನ್ನು ಊಟದಿಂದ ಒಂದು ಗಂಟೆಯಾದರೂ ದೂರ ಇಡಿ.

ಅಕ್ಕಿ ತೌಡು

ಬೇಗ ಹೇಳಿ ಮುಗಿಸುತ್ತೇನೆ. ಮಿಲ್ಲಿನಿಂದ ತಂದ ಹಸಿ ತೌಡು ಬೇಡ. ಅದರಲ್ಲಿ ಎಣ್ಣೆ ಇದೆ, ಅಕ್ಕಿಯಿಂದ ಬೇರೆಯಾದ ಕೂಡಲೇ ಕಮಟು ಹಿಡಿಯಲು ಶುರುವಾಗುತ್ತದೆ. ಅಕ್ಕಿಯಲ್ಲಿ ಆರ್ಸೆನಿಕ್ ಎಂಬ ವಿಷ ಇದ್ದರೆ ಅದು ಸೇರಿಕೊಳ್ಳುವುದೂ ತೌಡಿನಲ್ಲೇ ಜಾಸ್ತಿ. ಭತ್ತದ ಹೊಟ್ಟಂತೂ ತಿನ್ನುವ ವಸ್ತುವೇ ಅಲ್ಲ, ಅದರಲ್ಲಿ ಮರಳಿನಲ್ಲಿರುವಂಥ ಸಿಲಿಕಾ ತುಂಬಿದೆ. ಕಾಫಿ ಹೊಟ್ಟು ಗೊಬ್ಬರಕ್ಕೇ ಇರಲಿ.

ಸಿಪ್ಪೆ ತೆಗೆಯದ ಕಾಳು

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನ ಮನೆಗಳಿಗೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಲೆಕ್ಕ ನೋಡಿ. ನೂರು ಗ್ರಾಂ ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ನಾರು, ಸಿಪ್ಪೆ ತೆಗೆದ ಹೆಸರುಬೇಳೆಯಲ್ಲಿ 9. ಕಡಲೆಕಾಳಿನಲ್ಲಿ 25, ಕಡಲೆಬೇಳೆಯಲ್ಲಿ 15. ಸಿಪ್ಪೆ ಹೋದರೆ ಹೋಗುವುದು ಇಷ್ಟು. ದಿನಾ ತೊಗರಿಬೇಳೆ ಸಾರು ಮಾಡುವ ಮನೆಯಲ್ಲಿ ವಾರಕ್ಕೆ ಮೂರು ನಾಲ್ಕು ದಿನ ಕಾಳು ಸಾರು ಮಾಡಿದರೆ ಡಬ್ಬಿ ಕೊಳ್ಳುವ ಅಗತ್ಯವೇ ಬಾರದೆ ಇರಬಹುದು. ಅದರಲ್ಲಿ ಪ್ರೋಟೀನ್ ಇದೆ, ಕಬ್ಬಿಣ ಇದೆ, ಫೋಲೇಟ್ ಎಂಬ ವಿಟಮಿನ್ ಇದೆ. ಸಿಪ್ಪೆಯ ನಾರು ಒರಟು, ಒಳಗಿನ ನಾರು ಬ್ಯಾಕ್ಟೀರಿಯಾಗಳಿಗೆ ಊಟ. ಅವು ಅದನ್ನು ತಿಂದು ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ಬದುಕುವುದೇ ಅದರ ಮೇಲೆ. ಇಸಬ್‌ಗೋಲ್ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವುದಿಲ್ಲ.

ನಮ್ಮ ಅಡುಗೆಯಲ್ಲಿ ಎರಡು ಕಡೆ ಈ ನಾರು ಕೈಬಿಟ್ಟು ಹೋಗುತ್ತದೆ. ಒಂದು ಹುರುಳಿಕಟ್ಟಿನ ಸಾರು. ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು, ಅದಕ್ಕೆ ಖಾರ ರುಬ್ಬಿ ಹಾಕಿ ಕುದಿಸಿದರೆ ಘಮ ಬೀದಿಗೆ ಹೋಗುತ್ತದೆ. ಆದರೆ ಬೆಂದ ಕಾಳನ್ನು ಎತ್ತಿ ಕಲಗಚ್ಚಿಗೆ ಹಾಕಿಬಿಟ್ಟರೆ ನಾರು ಪೂರ್ತಿ ಹಸುವಿನ ಪಾಲು. ಆ ಕಾಳಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು, ಮೇಲೆ ಕಾಯಿತುರಿ ಹಾಕಿ ಪಲ್ಯ ಮಾಡಿ ಮುದ್ದೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಇನ್ನೊಂದು ಹಿತಕಿದಬೇಳೆ. ಮಾರ್ಗಶಿರ, ಪುಷ್ಯದಲ್ಲಿ ಸೊಗಡವರೆ ಬಂದಾಗ ರಾತ್ರಿ ನೆನೆಹಾಕಿ, ಬೆಳಿಗ್ಗೆ ಮನೆಮಂದಿಯೆಲ್ಲ ಕೂತು ಒಂದೊಂದೇ ಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಪಕ್ಕದ ತಟ್ಟೆಯಲ್ಲಿ ಗುಡ್ಡೆಯಾಗುತ್ತದೆ. ಆ ರುಚಿ ಬಿಡಿ ಅಂತ ನಾನು ಹೇಳಲಾರೆ. ಅದನ್ನು ಮಾಡಿದಷ್ಟೇ ಸಲ ಸಿಪ್ಪೆ ಸಮೇತ ಅವರೆಕಾಳಿನ ಸಾರೂ ಮಾಡಿ, ಅಷ್ಟೇ.

ಕಾಳಿನ ದೊಡ್ಡ ತೊಂದರೆ ವಾಯು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ವಾಯು ಮಾಡುವ ಸಕ್ಕರೆಗಳು ಸಾಕಷ್ಟು ಹೋಗುತ್ತವೆ. ಮೊಳಕೆ ಬರಿಸಿದರೆ ಇನ್ನೂ ವಾಸಿ, ಫೈಟೇಟ್ ಕೂಡ ಇಳಿಯುತ್ತದೆ. ಮೊಳಕೆ ಹುರುಳಿಕಾಳಿನ ಸಾರು ನಮ್ಮ ಹಿರಿಯರು ಸುಮ್ನೆ ಮಾಡಿದ್ದಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಕಾಳು ಎಷ್ಟು ತಿನ್ನಬಹುದು ಅಂತ ಡಾಕ್ಟರನ್ನು ಕೇಳಿಯೇ ತಿನ್ನಿ.

ರಾಗಿ, ಮತ್ತು ಅಕ್ಕಿ ತಿನ್ನುವವರ ಲೆಕ್ಕ

ರಾಗಿಯ ಸಿಪ್ಪೆ ಒಳಗಿನ ಹಿಟ್ಟಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಅಂದರೆ, ಅಕ್ಕಿಯ ಹಾಗೆ ಅದನ್ನು ಪಾಲಿಶ್ ಮಾಡಲು ಸುಲಭವಾಗಿ ಆಗುವುದಿಲ್ಲ. ಹಾಗಾಗಿ ಬೀಸಿದಾಗ ಸಿಪ್ಪೆ ಸಮೇತ ಹಿಟ್ಟಾಗುತ್ತದೆ. ನೂರು ಗ್ರಾಂಗೆ ಸುಮಾರು 11 ಗ್ರಾಂ ನಾರು, ಮೇಲೆ 360 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ. ಮುದ್ದೆ ನಯವಾಗಲಿ ಅಂತ ಸಣ್ಣ ಕಣ್ಣಿನ ಜರಡಿಯಲ್ಲಿ ಹಿಟ್ಟು ಜಾಲಿಸುವವರು ಜರಡಿಯ ಮೇಲೆ ಉಳಿದ ಕಂದು ತರಿ ನೋಡಿ, ಅದೇ ಸಿಪ್ಪೆ. ಕಲ್ಲು ಕಸ ಮೊದಲೇ ಆರಿಸಿ ಬೀಸಿಸಿದರೆ ಜರಡಿ ಹಿಡಿಯುವ ಅಗತ್ಯವಿಲ್ಲ.

ಅರಸೀಕೆರೆ, ಕಡೂರು ಕಡೆ ಮಧ್ಯಾಹ್ನ ಒಂದು, ರಾತ್ರಿ ಒಂದು ಮುದ್ದೆ ತಿನ್ನುವವರು ಇದ್ದಾರಲ್ಲ, ಒಂದು ಮುದ್ದೆಗೆ 80ರಿಂದ 100 ಗ್ರಾಂ ಹಿಟ್ಟು ಅಂತ ಇಟ್ಟುಕೊಂಡರೂ ಮುದ್ದೆಯಿಂದಲೇ 18, 20 ಗ್ರಾಂ ಬಂತು. ಜೊತೆಗೆ ಕಾಳು ಸಾರು, ಸೊಪ್ಪು ಇದ್ದರೆ 25 ದಾಟಿತು. ಇವರು ಇಸಬ್‌ಗೋಲ್ ಕೊಳ್ಳುವುದು ಯಾಕೆ ಅಂತ ಒಮ್ಮೆ ಯೋಚಿಸಬೇಕು. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಲೆಕ್ಕವೇ ಬೇರೆ. ಬೆಳಿಗ್ಗೆ ಅಕ್ಕಿರೊಟ್ಟಿ ಇಲ್ಲ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಬಿಳಿ ಅಕ್ಕಿಯಲ್ಲಿ ನೂರಕ್ಕೆ 3 ಗ್ರಾಂಗಿಂತ ಕಡಿಮೆ ನಾರು, ದಿನಕ್ಕೆ 300 ಗ್ರಾಂ ಅಕ್ಕಿ ತಿಂದರೂ ಎಂಟೂವರೆ ದಾಟುವುದಿಲ್ಲ. ಪಾಲಿಶ್ ಮಾಡದ ಅಕ್ಕಿಗೆ ಬದಲಾದರೆ ನೂರಕ್ಕೆ ನಾಲ್ಕೂವರೆ ಆಸುಪಾಸು, ಒಳ್ಳೆಯದೇ, ಆದರೆ ಜನ ಅಂದುಕೊಂಡಷ್ಟು ದೊಡ್ಡ ವ್ಯತ್ಯಾಸ ಅಲ್ಲ. ಮಲೆನಾಡಿನ ಮನೆಗಳಿಗೆ ನನ್ನ ಸಲಹೆ, ಅಕ್ಕಿ ಬದಲಿಸುವ ಮೊದಲು ಬೆಳಗಿನ ರೊಟ್ಟಿಯ ಜೊತೆ ಕಾಳು ಪಲ್ಯ ತನ್ನಿ, ವಾರದಲ್ಲಿ ಒಂದಷ್ಟು ದಿನ ರಾಗಿ ರೊಟ್ಟಿ ಮಾಡಿ.

ಶುಗರ್ ಇರುವವರಿಗೆ ಒಂದು ಮಾತು. ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನೋದು ತಪ್ಪು. ಅದರಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಮುದ್ದೆ ಚಿಕ್ಕದಿರಲಿ, ಕಾಳು ಸೊಪ್ಪು ಜಾಸ್ತಿ ಇರಲಿ. ರಾಗಿ ಗಂಜಿ, ಮಾಲ್ಟ್ ಬೇಗ ಏರಿಸುತ್ತದೆ.

ಅಗಸೆ, ಚಿಯಾ, ಕಾಮಕಸ್ತೂರಿ

ಅಗಸೆಯ ಸಿಪ್ಪೆಯಲ್ಲೂ ಲೋಳೆ ಇದೆ, ಜೊತೆಗೆ ಒಮೆಗಾ 3 ಕೊಬ್ಬು ಸಿಗುತ್ತದೆ. ಮೀನು ತಿನ್ನದವರಿಗೆ ಇದು ಒಳ್ಳೆಯ ಆಯ್ಕೆ. ಇಡಿಯಾಗಿ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ, ಪುಡಿ ಮಾಡಿಯೇ ತಿನ್ನಬೇಕು. ಹುರಿದು ಹುಚ್ಚೆಳ್ಳು ಚಟ್ನಿಪುಡಿಗೆ ಸೇರಿಸಿ ಮಾಡಿದರೆ ರೊಟ್ಟಿಗೆ ಚೆನ್ನಾಗಿರುತ್ತದೆ. ಪುಡಿ ಬೇಗ ಕಮಟುತ್ತದೆ, ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಡಿ. ಒಂದು ಚಮಚದಲ್ಲಿ ಸಿಗುವ ನಾರು ಎರಡು ಗ್ರಾಂ ಅಷ್ಟೇ, ಹಾಗಾಗಿ ಇದು ಮೇಲೋಗರ ಇದ್ದ ಹಾಗೆ. ಚಿಯಾದಲ್ಲಿ ನಾರು ಜಾಸ್ತಿ, ಬೆಲೆಯೂ ಜಾಸ್ತಿ. ಕಾಮಕಸ್ತೂರಿ ಬೀಜವೂ ಹಾಗೇ ನೀರಿನಲ್ಲಿ ಊದುತ್ತದೆ, ಬೇಸಿಗೆಯ ಪಾನಕಕ್ಕೆ ಹಾಕಿ ಕುಡಿಯಿರಿ. ಚಿಯಾ, ಕಾಮಕಸ್ತೂರಿ ಎರಡನ್ನೂ ಚೆನ್ನಾಗಿ ನೆನೆಸದೆ ಒಣದಾಗಿ ಮುಕ್ಕಬೇಡಿ.

ಫೈಬರ್ ಬಿಸ್ಕತ್ತಿನ ಬಗ್ಗೆಯೂ ಕೇಳುತ್ತಾರೆ. ನೂರು ಗ್ರಾಂಗೆ 6 ಗ್ರಾಂ ನಾರು ಇದ್ದರೆ ಸಾಕು, ಹೈ ಫೈಬರ್ ಎಂದು ಹಾಕಿಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ಮನೆಯ ರಾಗಿ ಹಿಟ್ಟಿನಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು ಇದೆ, ಸಕ್ಕರೆ ಪಾಮ್ ಎಣ್ಣೆ ಇಲ್ಲದೆ.

ಹಾಗಾದರೆ ಯಾರು ಯಾವುದನ್ನು?

ಕೊಲೆಸ್ಟ್ರಾಲ್ ಜಾಸ್ತಿ ಬಂದಿದ್ದರೆ, ಅಥವಾ ಐಬಿಎಸ್, ಮೂಲವ್ಯಾಧಿ ಇದ್ದರೆ ಇಸಬ್‌ಗೋಲಿಗೆ ದುಡ್ಡು ಹಾಕಿ, ಅದು ಸಾರ್ಥಕ. ಡಾಕ್ಟರ್ ಬರೆದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಬೇರೆ ಕಾಯಿಲೆ ಇಲ್ಲ, ಮೋಷನ್ ಮಾತ್ರ ಸರಿಯಾಗಿ ಆಗುವುದಿಲ್ಲ ಅನ್ನೋರು ಮೊದಲು ನೀರು, ಕಾಳು, ಸೊಪ್ಪು ಹೆಚ್ಚಿಸಿ ಎರಡು ವಾರ ನೋಡಿ, ಸಾಲದಿದ್ದರೆ ದಪ್ಪ ಬೂಸಾ. ರಕ್ತ ಕಡಿಮೆ ಇರುವವರು ಬೂಸಾ ಬಿಟ್ಟು ಮೊಳಕೆ ಕಾಳು ಹಿಡಿಯಿರಿ, ಮೇಲೆ ನಿಂಬೆ ಹಿಂಡಿಕೊಳ್ಳಿ, ಕಬ್ಬಿಣ ಸೇರಲು ಅದು ಸಹಾಯ. ಗೋಧಿ ಒಗ್ಗದವರಿಗೆ ಇಸಬ್‌ಗೋಲ್, ರಾಗಿ ಎರಡೂ ಆಗುತ್ತದೆ. ಮಕ್ಕಳಿಗೆ ಡಬ್ಬಿಯೂ ಬೇಡ ಬೂಸಾವೂ ಬೇಡ, ಉಸಲಿ ಮಾಡಿಕೊಡಿ. ತಿಂಗಳ ಖರ್ಚು ಎಣಿಸಿ ಮಾಡುವ ಮನೆಯಾದರೆ ಯೋಚನೆಯೇ ಬೇಡ, ಹುರುಳಿ, ಹೆಸರು, ರಾಗಿ ಸಾಕು.

ಯಾವುದನ್ನೇ ಆರಿಸಿದರೂ ಒಮ್ಮೆಲೇ ಹೆಚ್ಚಿಸಬೇಡಿ. ಇಸಬ್‌ಗೋಲ್ ಆದರೆ ಅರ್ಧ ಚಮಚದಿಂದ, ಕಾಳು ಆದರೆ ಒಂದು ಸಣ್ಣ ಹಿಡಿಯಿಂದ ಶುರು ಮಾಡಿ, ಎರಡು ಮೂರು ವಾರದಲ್ಲಿ ನಿಧಾನಕ್ಕೆ ಏರಿಸಿ, ನೀರು ಜಾಸ್ತಿ ಕುಡಿಯಿರಿ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಐವತ್ತು ದಾಟಿದ ಮೇಲೆ ಹೊಟ್ಟೆಯ ರೂಢಿ ಇದ್ದಕ್ಕಿದ್ದಂತೆ ಬದಲಾದರೆ ನಾರು ಹುಡುಕುತ್ತಾ ಕೂರಬೇಡಿ, ಆ ವಾರವೇ ಡಾಕ್ಟರಿಗೆ ತೋರಿಸಿ.